ಬಬಿರ್ಯೆ ಬರೆದುಕೊಟ್ಟ ಸಿನಿಮಾಗಳು

೩ ಫೆಬ್ರವರಿ ೨೦೦೮, ಭಾನುವಾರ

ಈ ಡೈರಿ ನನ್ನದಲ್ಲ, ಇವರದು. ಹೊಸ ವರ್ಷಕ್ಕೆ ಬರ್ಚ್‌ವುಡ್‌ನ ಇವರ ಆಫೀಸಿನವರು ಕೊಟ್ಟದ್ದು. ಜನವರಿ ಹದಿನಾಲ್ಕರವರೆಗೆ ಇವರ ಸಣ್ಣ ಅಕ್ಷರಗಳಿವೆ: ಮೀಟಿಂಗು, ಡ್ರಾಯಿಂಗು, ಹಲ್ಲಿನ ಡಾಕ್ಟರು. ಅಲ್ಲಿಂದಾಚೆ ಬಿಳಿ ಹಾಳೆ. ಇಷ್ಟು ಒಳ್ಳೆಯ ಕಾಗದ ಸುಮ್ಮನೆ ಹಾಳಾಗುತ್ತದಲ್ಲ ಎಂದು ಬರೆಯಲು ಕೂತಿದ್ದೇನೆ. ಅದು ನೆಪ. ನಿಜವೆಂದರೆ ಈ ಮನೆಯಲ್ಲಿ ಮಾತಾಡುವುದಕ್ಕೆ ಈಗ ಯಾರೂ ಇಲ್ಲ.

ಹದಿನಾಲ್ಕರ ಬೆಳಿಗ್ಗೆ ಇವರು ಲಿಂಗಪೂಜೆ ಮುಗಿಸಿ, ಟೈ ಕಟ್ಟಿಕೊಂಡು ಅಡುಗೆಮನೆಗೆ ಬಂದರು. ಚಹಾದ ಕಪ್ಪು ಕೈಯಿಂದ ಜಾರಿತು. ಏನೋ ಅಂದರು, ಅದು ಕನ್ನಡವೂ ಅಲ್ಲ, ಇಂಗ್ಲಿಷೂ ಅಲ್ಲ. ಬಾಯಿ ಒಂದು ಕಡೆ ಇಳಿದುಬಿಟ್ಟಿತ್ತು. ನಾನು ಆಂಬುಲೆನ್ಸಿಗೆಂದು ಫೋನ್ ಎತ್ತಿ ಒಂಬತ್ತನ್ನು ಮೂರು ಸಲ ಒತ್ತಿದೆ. ಆ ಕಡೆಯಿಂದ ಹೆಂಗಸಿನ ದನಿ ಬಂದ ಕೂಡಲೇ ನನ್ನ ಬಾಯಿ ಕಟ್ಟಿಹೋಯಿತು. ಫೋನ್ ಕೆಳಗಿಟ್ಟು, ಬರಿಗಾಲಲ್ಲಿ ಓಡಿಹೋಗಿ ಪಕ್ಕದ ಮನೆಯ ಬಾಗಿಲು ಬಡಿದೆ. ಅವರು ಡ್ರೆಸ್ಸಿಂಗ್ ಗೌನ್ ಸುತ್ತಿಕೊಂಡು ಕೆಳಗೆ ಬರುವಷ್ಟರಲ್ಲಿ ಎಷ್ಟು ನಿಮಿಷ ಹೋಯಿತೋ ದೇವರಿಗೇ ಗೊತ್ತು. ಇದನ್ನು ಯಾರಿಗೂ ಹೇಳಿಲ್ಲ, ಇಲ್ಲಿ ಬರೆದಿದ್ದೇನೆ.

ಇಂಗ್ಲಿಷ್ ಬರುವುದಿಲ್ಲ ಅಂತಲ್ಲ. ಗದಗಿನಲ್ಲಿ ಬಿ.ಎ. ಮಾಡಿದವಳು ನಾನು. ಈ ದೇಶಕ್ಕೆ ಬಂದ ಎರಡನೇ ವರ್ಷ ಇವರ ಆಫೀಸಿನ ಊಟದಲ್ಲಿ ಏನೋ ಹೇಳಹೋದೆ. ಇವರು ಎಲ್ಲರೆದುರು ನನ್ನ ಮಾತನ್ನು ತಿದ್ದಿದರು. ಎಲ್ಲರೂ ನಕ್ಕರು, ಇವರೂ ನಕ್ಕರು. ಅವತ್ತಿನಿಂದ ನಮ್ಮ ಡಾಕ್ಟರು ಜಿಪಿಗೆ, ಊರಿನ ಕೌನ್ಸಿಲ್‌ಗೆ, ಮಗಳ ಸ್ಕೂಲಿಗೆ, ಎಲ್ಲದಕ್ಕೂ ಇವರದೇ ಮಾತು. ಇಪ್ಪತ್ತೆರಡು ವರ್ಷ ಹಾಗೇ ನಡೆದುಬಂತು. ಮಲಗಿದ ಮನುಷ್ಯನ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು, ಆದರೆ ನನಗೆ ಆ ಸಿಟ್ಟು ಇನ್ನೂ ಇದೆ.

೧೨ ಫೆಬ್ರವರಿ, ಮಂಗಳವಾರ

ಇವರನ್ನು ಸ್ಟ್ರೋಕ್ ಆದವರ ರಿಹ್ಯಾಬ್ ವಾರ್ಡಿಗೆ ಹಾಕಿದ್ದಾರೆ. ಬಸ್ಸಿಳಿದು ಹತ್ತು ನಿಮಿಷ ನಡೆಯಬೇಕು. ನರ್ಸುಗಳಿಗೆ ವೀರಭದ್ರಪ್ಪ ಅನ್ನುವುದಕ್ಕೆ ಬಾರದೆ ವೀರಾ, ವೀರಾ ಅನ್ನುತ್ತಾರೆ. ನಮ್ಮತ್ತೆಯವರೂ ಹಾಗೇ ಕರೆಯುತ್ತಿದ್ದರು. ಕೇಳಿದಾಗ ಇವರ ಮುಖ ಸ್ವಲ್ಪ ಸಡಿಲವಾಗುತ್ತದೆ.

ಬಲಗೈ ಏಳುವುದಿಲ್ಲ. ಇಬ್ಬರು ಹಿಡಿದುಕೊಂಡರೆ ಬಲಗಾಲು ಎಳೆಯುತ್ತಾ ನಾಲ್ಕು ಹೆಜ್ಜೆ ಹಾಕುತ್ತಾರೆ. ನಾವು ಹೇಳಿದ್ದು ಮುಕ್ಕಾಲು ಪಾಲು ತಿಳಿಯುತ್ತದೆ, ತಿರುಗಿ ಹೇಳಲು ಮಾತ್ರ ಪದ ಸಿಗುವುದಿಲ್ಲ. ಇಂಗ್ಲಿಷಂತೂ ಪೂರ್ತಿ ಹೋಗಿದೆ. ಕನ್ನಡದಲ್ಲಿ ಒಂದು 'ಹಾಂ' ಉಳಿದಿದೆ, ಹೌದಿಗೂ ಅದೇ, ಇಲ್ಲಕ್ಕೂ ಅದೇ. ಸ್ಪೀಚ್ ಥೆರಪಿಸ್ಟ್ ಹುಡುಗಿ ಇವತ್ತು ಚಮಚ, ಬಾಚಣಿಗೆ, ನಾಯಿ ಎಂದು ಚಿತ್ರದ ಕಾರ್ಡು ತೋರಿಸಿದಳು. ಇವರು ಎಡಗೈಯಿಂದ ಕಾರ್ಡುಗಳನ್ನು ಸರಿಸಿ ಗೋಡೆಯ ಕಡೆ ಮುಖ ಮಾಡಿದರು. ಅಣುಸ್ಥಾವರದ ಪೈಪುಗಳನ್ನು ಲೆಕ್ಕ ಹಾಕಿದ ಮನುಷ್ಯನಿಗೆ ನಾಯಿಯ ಚಿತ್ರ ತೋರಿಸಿದರೆ ಇನ್ನೇನು ಮಾಡುತ್ತಾರೆ ಪಾಪ.

ನಿವೇದಿತಾ ಬಂದಿದ್ದಳು. ನಮ್ಮ ಒಬ್ಬಳೇ ಮಗಳು, ಶೆಫೀಲ್ಡಿನ ಆಸ್ಪತ್ರೆಯಲ್ಲಿ ಡಾಕ್ಟರು. ಡ್ಯೂಟಿ ರೋಟಾದಲ್ಲಿ ರಜೆ ಸಿಕ್ಕ ದಿನ ರೈಲು ಹಿಡಿದು ಬರುತ್ತಾಳೆ. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಇಂಗ್ಲಿಷಿನಲ್ಲಿ ಹೇಳುತ್ತಾಳೆ, ನಮ್ಮಿಬ್ಬರ ಮಾತುಕತೆ ಹುಟ್ಟಿದಾಗಿನಿಂದ ಹೀಗೇ. ಏಪ್ರಿಲ್ ಕೊನೆಗೆ ಆಸ್ಪತ್ರೆಯವರು ಮೀಟಿಂಗ್ ಮಾಡಿ, ಅಪ್ಪ ಇಲ್ಲಿಂದ ಎಲ್ಲಿಗೆ ಹೋಗಬೇಕು ಎಂದು ತೀರ್ಮಾನಿಸುತ್ತಾರಂತೆ. ಅಷ್ಟರೊಳಗೆ ತನಗೇನು ಬೇಕು ಎಂದು ಇವರೇ ತಿಳಿಸುವಂತಾದರೆ ಇವರ ಮಾತು ನಡೆಯುತ್ತದೆ. ಆಗದಿದ್ದರೆ ಅವರವರೇ ಕೂತು ನಿರ್ಧರಿಸುತ್ತಾರೆ. ತನ್ನ ಫ್ಲ್ಯಾಟಿನಿಂದ ಎರಡು ಟ್ರಾಮ್ ಸ್ಟಾಪಿನಾಚೆ ಇಂಥವರನ್ನು ಇಟ್ಟುಕೊಂಡು ನೋಡಿಕೊಳ್ಳುವ ಒಳ್ಳೆಯ ಕೇರ್ ಹೋಮ್ ನೋಡಿಟ್ಟಿದ್ದಾಳೆ.

ಮನೆಗೇ ಕರೆದುಕೊಂಡು ಬರುತ್ತೇನೆ ಎಂದೆ. ಅವಳು ನನ್ನ ಕೈ ಹಿಡಿದುಕೊಂಡು, ಅಪ್ಪ ಮತ್ತೆ ಬಿದ್ದರೆ ನೀನು ಆಂಬುಲೆನ್ಸಿಗೆ ಫೋನ್ ಮಾಡುತ್ತೀಯಾ ಎಂದು ಕೇಳಿದಳು. ಪಕ್ಕದ ಮನೆಯವರು ಹೇಳಿರಬೇಕು.

೧೬ ಫೆಬ್ರವರಿ, ಶನಿವಾರ

ನಿವೇದಿತಾ ತಂದುಕೊಟ್ಟ ಪುಟ್ಟ ಡಿವಿಡಿ ಪ್ಲೇಯರಿನಲ್ಲಿ ಹಳೆಯ ಕನ್ನಡ ಸಿನಿಮಾ ಒಂದನ್ನು ಹಾಕಿದೆ. ಹತ್ತು ನಿಮಿಷಕ್ಕೆ ಇವರ ಕಣ್ಣಲ್ಲಿ ನೀರು. ಪರದೆಯ ಮೇಲೆ ಎಲ್ಲರೂ ಪಟಪಟ ಮಾತಾಡುತ್ತಾರೆ, ಆ ಮಾತೆಲ್ಲ ಮೊನ್ನೆಯವರೆಗೆ ಇವರದೂ ಆಗಿತ್ತಲ್ಲ. ಬಂದ್ ಮಾಡಿದೆ. ಇಂಗ್ಲಿಷ್ ಟಿವಿಯೂ ಬೇಡ, ಅದೂ ಹಾಗೇ.

ಅಷ್ಟರಲ್ಲಿ ಟೀ ಟ್ರೇ ಹಿಡಿದು ಬಬಿರ್ಯೆ ಬಂದಳು. ಈ ವಾರ್ಡಿನಲ್ಲಿ ರೋಗಿಗಳನ್ನು ಎಬ್ಬಿಸಿ, ತೊಳೆದು, ಉಣ್ಣಿಸುವ ಕೆಲಸ ಅವಳದು. ಉಗಾಂಡಾದ ಮಸಾಕಾ ಎಂಬ ಊರಿನವಳು. ಅವಳಿ ಹೆಣ್ಣುಮಕ್ಕಳಲ್ಲಿ ಮೊದಲು ಹುಟ್ಟಿದವಳಿಗೆ ಅವರಲ್ಲಿ ಈ ಹೆಸರೇ ಇಡುತ್ತಾರಂತೆ. ಎತ್ತರದ ಹೆಂಗಸು, ನಕ್ಕರೆ ಟ್ರೇಯಲ್ಲಿನ ಕಪ್ಪುಗಳೂ ಅಲ್ಲಾಡುತ್ತವೆ. ಇವರ ಕಣ್ಣು ನೋಡಿದಳು, ಪ್ಲೇಯರ್ ನೋಡಿದಳು. "ಅವನ ಭಾಷೆ ಅವನಿಗೆ ನೋಯುತ್ತದೆ. ನಾನು ನನ್ನ ಭಾಷೆಯ ಸಿನಿಮಾ ತರುತ್ತೇನೆ. ಅದು ನಿಮ್ಮಿಬ್ಬರಿಗೂ ತಿಳಿಯುವುದಿಲ್ಲ. ಇಬ್ಬರೂ ಒಂದೇ ಆಗುತ್ತೀರಿ," ಅಂದಳು.

ಅಲ್ಲೇ ಊಟದ ಮೆನು ಕಾರ್ಡಿನ ಹಿಂದೆ ಏಳು ಸಿನಿಮಾದ ಹೆಸರು ಬರೆದಳು, ಯಾವುದಾದ ಮೇಲೆ ಯಾವುದು ನೋಡಬೇಕು ಎಂಬ ಕ್ರಮದಲ್ಲಿ. ಒಂದೊಂದಕ್ಕೂ ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಷರಾ. ಮೊದಲನೆಯದಕ್ಕೆ 'ಮದುವೆಯ ಮಾತುಕತೆ, ನಗು ಬರುತ್ತದೆ' ಎಂದಿದೆ. ಎರಡನೆಯದಕ್ಕೆ 'ಸರೋವರದ ಮೀನುಗಾರ, ಕರವಸ್ತ್ರ ಇಟ್ಟುಕೊಳ್ಳಿ'. ಇನ್ನೊಂದಕ್ಕೆ 'ಕ್ಯಾಮೆರಾ ಅಲ್ಲಾಡುತ್ತದೆ, ಬಯ್ಯಬೇಡಿ, ಹೀರೋ ನಮ್ಮ ಬೀದಿಯವನು'. ಎಲ್ಲವೂ ಅವರ ರಾಜಧಾನಿ ಕಂಪಾಲಾದವರೇ ಎರಡು ಮೂರು ವಾರದಲ್ಲಿ ತೆಗೆದವಂತೆ, ಒಮ್ಮೊಮ್ಮೆ ನಡುವೆ ಕರೆಂಟೂ ಹೋಗುತ್ತದಂತೆ. ಡಿಸ್ಕುಗಳನ್ನು ಅವಳ ತಂಗಿ ಅಲ್ಲಿಂದ ಕಳಿಸುತ್ತಾಳೆ.

ಮಾತು ತಿಳಿಯದಿದ್ದರೆ ನೋಡುವುದು ಹೇಗೆ ಎಂದೆ. ಅದಕ್ಕೆ ಅವಳು ತನ್ನ ಸೋದರಮಾವನ ಕಥೆ ಹೇಳಿದಳು. ಮಸಾಕಾದ ವಿಡಿಯೊ ಹಾಲಿನಲ್ಲಿ ಹೊರದೇಶದ ಸಿನಿಮಾ ಹಾಕಿದಾಗ ಒಬ್ಬ ಮೈಕು ಹಿಡಿದು ಪರದೆಯ ಪಕ್ಕ ಕೂತು, ಅಲ್ಲಿ ನಡೆಯುವುದನ್ನೆಲ್ಲ ಜನರ ಭಾಷೆಯಲ್ಲಿ ಹೇಳುತ್ತಾ ಹೋಗುತ್ತಾನೆ, ತನ್ನದೂ ನಾಲ್ಕು ಮಾತು ಸೇರಿಸುತ್ತಾನೆ. ಮಾವ ಹಿಂದಿ ಸಿನಿಮಾಗಳಿಗೂ ಹೇಳುತ್ತಿದ್ದನಂತೆ. ಅವನಿಗೆ ಹಿಂದಿಯ ಒಂದಕ್ಷರ ಬರುತ್ತಿರಲಿಲ್ಲ, ಆದರೂ ಕಥೆ ತಿಳಿಯಲಿಲ್ಲ ಎಂದು ಹಾಲಿನಿಂದ ಯಾರೂ ಎದ್ದು ಹೋದದ್ದಿಲ್ಲವಂತೆ. ನೀನೂ ಹಾಗೇ ಹೇಳು ಎಂದಳು. ನಾನಾ? ನಾನು ಮೈಕು ಹಿಡಿಯುವವಳಂತೆ ಕಾಣುತ್ತೇನೆಯೇ!

೧೭ ಫೆಬ್ರವರಿ, ಭಾನುವಾರ

ಮೊದಲಿನಿಂದ ಹೇಳುತ್ತೇನೆ.

ಮದುವೆಯ ಸಿನಿಮಾ ಹಾಕಿದೆ. ಅಂಗಳದಲ್ಲಿ ಶಾಮಿಯಾನ, ಎರಡೂ ಕಡೆ ಬೀಗರು ಎದುರುಬದುರು ಕೂತಿದ್ದಾರೆ. ಉದ್ದ ಬಿಳಿ ಅಂಗಿಯ ಮೇಲೆ ಕೋಟು ತೊಟ್ಟ ಒಬ್ಬ ಹಿರಿಯ ಎದ್ದು ನಿಂತು ಮಾತಾಡಿದ್ದೇ ಮಾತಾಡಿದ್ದು. ಕೈ ಮುಗಿಯುತ್ತಾನೆ, ನಗಿಸುತ್ತಾನೆ, ಬಾಳೆಗೊನೆ, ಕೋಳಿ, ಬುಟ್ಟಿ ಎಲ್ಲ ಒಪ್ಪಿಸುತ್ತಾನೆ. ಒಳಗಿನಿಂದ ಹುಡುಗಿಯನ್ನು ಕರೆದುಕೊಂಡು ಬಂದರು, ಇಪ್ಪತ್ತೆರಡು ವರ್ಷವಿದ್ದೀತು. ಕೋಣೆಯಲ್ಲಿ ನಾವಿಬ್ಬರೇ ಎಂದು ಧೈರ್ಯ ಮಾಡಿ ಹೇಳತೊಡಗಿದೆ. ನೋಡ್ರಿ, ಈ ಮುದುಕಗ ಆ ಹುಡುಗೀನ್ನ ಕೊಡಾಕತ್ತಾರ, ಇವನ ಮೊದಲನೇ ಹೇಂತಿ ಸತ್ತಿರಬೇಕು, ಅಥವಾ ಬಿಟ್ಟಿರಬೇಕು, ಈ ವಯಸ್ಸಿನಾಗ ಇವಗ ಮದುವಿ ಬೇಕಾಗಿತ್ತ? ನನಗೆ ನಿಜವಾಗಿಯೂ ಸಿಟ್ಟು ಬಂದಿತ್ತು, ಆ ಹುಡುಗಿಯ ತಾಯಿಗೂ ಸೇರಿಸಿ ಬೈದೆ.

"ಅಲ್ಲ."

ನಾನು ಹಿಂದೆ ತಿರುಗಿ ನೋಡಿದೆ, ಯಾರೋ ಬಂದರು ಎಂದು. ಯಾರೂ ಇರಲಿಲ್ಲ. ಇವರು ಎಡಗೈ ಬೆರಳಿನಿಂದ ಪರದೆಯ ಮೂಲೆಯನ್ನು ಕುಟ್ಟುತ್ತಿದ್ದರು. ಅಲ್ಲಿ ಎರಡನೇ ಸಾಲಿನಲ್ಲಿ ಒಬ್ಬ ಹುಡುಗ ತುಟಿ ಪಿಟಕ್ಕೆನ್ನದೆ ತಲೆ ತಗ್ಗಿಸಿ ಕೂತಿದ್ದ. "ಅಲ್ಲ," ಮತ್ತೆ ಅಂದರು. ಬೆರಳು ಆ ಹುಡುಗನ ಮೇಲೆ.

ಐದು ವಾರದ ಮೇಲೆ ಒಂದು ಪದ. ನಾನು ಕಾರಿಡಾರಿಗೆ ಓಡಿ ಎದುರಿಗೆ ಸಿಕ್ಕ ನರ್ಸಿಗೆ ಹೇಳಿದೆ. ಯಾವ ಭಾಷೆಯಲ್ಲಿ ಹೇಳಿದೆನೋ ನೆನಪಿಲ್ಲ, ಅವಳು ಓಡಿ ಬಂದಳು.

೧೮ ಫೆಬ್ರವರಿ, ಸೋಮವಾರ

ಇವರು ಹೇಳಿದ್ದೇ ಸರಿ. ಬಬಿರ್ಯೆ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಅವರ ಕಡೆ ಹೆಣ್ಣು ಕೇಳುವ ದಿನ ಮದುಮಗ ಬಾಯಿ ತೆರೆಯುವ ಹಾಗಿಲ್ಲವಂತೆ. ಮಾತಿನಲ್ಲಿ ಪಳಗಿದ ಒಬ್ಬನನ್ನು ಗೊತ್ತು ಮಾಡಿ ಕರೆತರುತ್ತಾರೆ, ಎಲ್ಲವನ್ನೂ ಅವನೇ ಆಡುತ್ತಾನೆ. ಜೋರಾಗಿ ಮಾತಾಡುವವನೇ ಮದುಮಗ ಎಂದು ನಾನು ತಿಳಿದೆ. ನಮ್ಮ ಮನೆಯಲ್ಲಿದ್ದು ನನಗೆ ಹಾಗೆ ಅಭ್ಯಾಸವಾಗಿದೆ, ನನ್ನ ತಪ್ಪೇನೂ ಇಲ್ಲ.

೨೫ ಫೆಬ್ರವರಿ, ಸೋಮವಾರ

ನನಗೊಂದು ಉಪಾಯ ಹೊಳೆದಿದೆ. ಇವರಿಗೆ ಪದ ಕೊಡಿ ಎಂದರೆ ಬರುವುದಿಲ್ಲ, ನಾನು ತಪ್ಪು ಹೇಳಿದರೆ ಬರುತ್ತದೆ. ತಿದ್ದುವುದು ಇವರ ರಕ್ತದಲ್ಲಿದೆ, ಅದನ್ನು ಯಾವ ಸ್ಟ್ರೋಕೂ ಮುಟ್ಟಿಲ್ಲ. ಹಾಗಾಗಿ ಬೇಕೆಂದೇ ತಪ್ಪು ಹೇಳುತ್ತಿದ್ದೇನೆ. ಮೀನುಗಾರನ ಸಿನಿಮಾದಲ್ಲಿ ದೋಣಿ ಬಂದರೆ, ಬಸ್ ಬಂತು ನೋಡ್ರಿ ಎಂದೆ. ಇವರು ಹುಬ್ಬು ಗಂಟಿಕ್ಕಿ, ಎರಡು ನಿಮಿಷ ಒದ್ದಾಡಿ, 'ದೋ… ದೋಣಿ' ಎಂದರು. ಅವನ ತಾಯಿಯನ್ನು ನಾನು ಅಕ್ಕ ಎಂದೆ, 'ಅವ್ವ' ಬಂತು. ಈ ವಾರ ಸಿಕ್ಕ ಪದಗಳು: ದೋಣಿ, ಮೀನ, ಅವ್ವ, ಸುಳ್ಳು. ಕೊನೆಯದು ನನಗೆ ಅಂದದ್ದು.

ಥೆರಪಿಸ್ಟ್ ಹುಡುಗಿಗೆ ಖುಷಿಯೋ ಖುಷಿ. ಇಷ್ಟು ವರ್ಷ ಇವರು ತಿದ್ದಿದರೆ ಮೈ ಉರಿಯುತ್ತಿತ್ತು, ಈಗ ತಿದ್ದಲಿ ಎಂದು ಬಾಯಿ ನೋಡುತ್ತಾ ಕೂತಿರುತ್ತೇನೆ. ನನ್ನ ಹಣೆಬರಹ ನೋಡಿ.

ಇನ್ನೊಂದು ವಿಷಯ. ಮೂರನೇ ಸಿನಿಮಾದಲ್ಲಿ ಸಾಹುಕಾರನ ಮನೆಯಲ್ಲಿದ್ದ ಕೆಂಪು ಸೋಫಾ ನಾಲ್ಕನೆಯದರಲ್ಲಿ ಮಂತ್ರಿಯ ಮನೆಯಲ್ಲಿದೆ. ಕಂಪಾಲಾದ ಶ್ರೀಮಂತರಿಗೆಲ್ಲ ಸೇರಿ ಒಂದೇ ಸೋಫಾ ಇರಬೇಕು. ಇದನ್ನು ಮೊದಲು ಕಂಡುಹಿಡಿದದ್ದು ಇವರು, ಬೆರಳು ತೋರಿಸಿ ಅರ್ಧ ಬಾಯಲ್ಲಿ ನಕ್ಕರು.

೬ ಮಾರ್ಚ್, ಗುರುವಾರ, ಶಿವರಾತ್ರಿ

ಕೆಟ್ಟ ದಿನ. ಸಿನಿಮಾದಲ್ಲಿ ಕೋಳಿ ಬಂತು. ನಾನು ನಾಯಿ ಎಂದೆ. ಇವರು ತಿದ್ದಲಿಲ್ಲ. ಪರದೆಯಿಂದ ಕಣ್ಣು ತೆಗೆದು ನನ್ನನ್ನೇ ನೋಡಿದರು. ಬೇಕೆಂದೇ ಮಾಡುತ್ತಿದ್ದೇನೆ ಎಂದು ಆ ಕ್ಷಣಕ್ಕೆ ತಿಳಿದುಹೋಯಿತು. ಎಲ್ಲ ವಾರಗಳದ್ದೂ ತಿಳಿದುಹೋಯಿತು. "ಸಾಕು," ಎಂದು ಗೋಡೆಯ ಕಡೆ ತಿರುಗಿದರು. ಹೊಸ ಪದವೇ, ಸ್ಪಷ್ಟವಾಗಿಯೇ ಬಂತು. ನನಗೆ ಒಂದಿಷ್ಟೂ ಸಂತೋಷವಾಗಲಿಲ್ಲ.

ಹಬ್ಬವೆಂದು ವಿಭೂತಿ ಒಯ್ದಿದ್ದೆ. ಹಣೆಗೆ ಹಚ್ಚಲು ಹೋದರೆ ಕೈ ತಳ್ಳಿದರು.

೭ ಮಾರ್ಚ್, ಶುಕ್ರವಾರ

ಮಾತಿಲ್ಲ. ಸಿನಿಮಾ ಇಲ್ಲ. ಊಟ ಅರ್ಧ.

೯ ಮಾರ್ಚ್, ಭಾನುವಾರ

ಇವತ್ತು ಪ್ಲೇಯರನ್ನು ಚೀಲದಿಂದ ತೆಗೆಯಲೇ ಇಲ್ಲ. ಕುರ್ಚಿಯನ್ನು ಗೋಡೆಯ ಕಡೆಗೆ, ಇವರ ಮುಖದ ಎದುರು ಹಾಕಿಕೊಂಡು ಕೂತೆ. "ತಪ್ಪಾತ್ರಿ. ನಿಮ್ಮನ್ನ ಸಣ್ಣ ಹುಡುಗನ್ನ ಮಾಡಿದೆ. ಇನ್ನ ಮಾಡಂಗಿಲ್ಲ," ಅಂದೆ. ಹೇಳಲು ಶುರು ಮಾಡಿದ ಮೇಲೆ ನಿಲ್ಲಿಸಲಾಗಲಿಲ್ಲ. ಹದಿನಾಲ್ಕರ ಬೆಳಿಗ್ಗೆಯದನ್ನೂ ಹೇಳಿಬಿಟ್ಟೆ. ಫೋನ್ ಎತ್ತಿದ್ದೆ, ಆ ಕಡೆ ಕೇಳಿದರು, ನನಗೆ ಬಾಯಿ ಬರಲಿಲ್ಲ, ಕೆಳಗಿಟ್ಟೆ ಎಂದು. ಅಳುತ್ತಾ ಹೇಳಿದೆ. ಪಕ್ಕದ ಹಾಸಿಗೆಯವನು ಕೇಳಿದರೆ ಕೇಳಲಿ, ಅವನಿಗೇನು ಕನ್ನಡ ತಿಳಿಯುತ್ತದೆಯೇ.

ಇವರು ಎಡಗೈ ಚಾಚಿ ಚೀಲದ ಕಡೆ ತೋರಿಸಿದರು. ಪ್ಲೇಯರ್ ತೆಗೆದೆ.

ಐದನೆಯ ಸಿನಿಮಾ. ಒಬ್ಬ ಹೆಂಗಸು ಸೂಟ್‌ಕೇಸ್ ಹಿಡಿದು ಬಸ್ ನಿಲ್ದಾಣದವರೆಗೆ ಬರುತ್ತಾಳೆ, ಬಸ್ ಬರುತ್ತದೆ, ಅವಳು ಹತ್ತುವುದಿಲ್ಲ, ಸೂಟ್‌ಕೇಸನ್ನು ಅಲ್ಲೇ ಬಿಟ್ಟು ವಾಪಸ್ ನಡೆಯುತ್ತಾಳೆ. ನಾನು ಕಥೆ ಕಟ್ಟಲಿಲ್ಲ, ಸುಳ್ಳೂ ಹೇಳಲಿಲ್ಲ. ಈಕಿ ಯಾಕ ಹತ್ತಲಿಲ್ಲ ಅಂತೀರಿ ಎಂದು ಇವರನ್ನೇ ಕೇಳಿದೆ. ಇವರು ಯೋಚಿಸಿ, "ಗೊತ್ತಿಲ್ಲ," ಅಂದರು. ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷ, ಈ ಪದ ಇವರ ಬಾಯಲ್ಲಿ ನಾನು ಕೇಳಿಯೇ ಇರಲಿಲ್ಲ. ನಗು ತಡೆಯಲಾಗದೆ ನಕ್ಕೆ. ಇವರೂ ನಕ್ಕರು. ಆ ಹೆಂಗಸು ಮನೆಯ ಬಾಗಿಲವರೆಗೆ ನಡೆದು ಬರುವಷ್ಟರಲ್ಲಿ ಇವರು ಇನ್ನೊಂದು ಪದ ಹುಡುಕಿ ತೆಗೆದರು. "ಅಂಜಿಕಿ," ಅಂದರು. ನನ್ನ ಕೈ ಮೇಲೆ ಎರಡು ಸಲ ತಟ್ಟಿದರು.

೨೨ ಮಾರ್ಚ್, ಶನಿವಾರ

ಪ್ಲೇಯರಿನ ಪರದೆ ಕೈಕೊಟ್ಟಿತು. ಬಬಿರ್ಯೆ ಇವರ ಗಾಲಿಕುರ್ಚಿಯನ್ನು ತಳ್ಳಿಕೊಂಡು ರೋಗಿಗಳೆಲ್ಲ ಕೂರುವ ಡೇ ರೂಮಿಗೆ ಹೋದಳು, ಅಲ್ಲಿ ದೊಡ್ಡ ಟಿವಿ ಇದೆ. ಈಸ್ಟರ್ ರಜೆಗೆ ಮನೆಗೆ ಹೋಗಲಾಗದವರು ನಾಲ್ಕೈದು ಜನ ಕೂತಿದ್ದರು. ಅವರ ಎದುರಿಗೆ ಬಾಯಿ ಬಿಡುವುದು ಬೇಡ ಎಂದು ನಾನು ಇವರ ಕಿವಿಯ ಹತ್ತಿರ ಪಿಸುಪಿಸು ಹೇಳುತ್ತಿದ್ದೆ. ಇಲ್ಲಿಯ ತಂತಿ ಕಾರ್ಖಾನೆಯಲ್ಲಿ ನಲವತ್ತು ವರ್ಷ ದುಡಿದ ಒಬ್ಬ ಮುದುಕ ಇದ್ದಾನೆ, ಅವನಿಗೂ ಸ್ಟ್ರೋಕೇ. ಗಟ್ಟಿಯಾಗಿ ಹೇಳಮ್ಮಾ, ನಮಗೂ ಕಥೆ ಬೇಕು ಎಂದ.

ನಾನು ಬಬಿರ್ಯೆಯನ್ನು ನೋಡಿದೆ. ಅವಳಿಗೆ ಎಲ್ಲ ಮಾತೂ ತಿಳಿಯುತ್ತದೆ, ಅವಳೇ ಹೇಳಬಹುದಿತ್ತು. ನನಗೆ ಹಾಸಿಗೆ ಬದಲಿಸುವ ಕೆಲಸವಿದೆ ಎಂದು ಹೊರಟೇಹೋದಳು, ಮಳ್ಳಿ. ಇವರಿಗೆ ಕನ್ನಡದಲ್ಲಿ ಒಂದು ಸಲ, ಅವರಿಗೆ ಇಂಗ್ಲಿಷಿನಲ್ಲಿ ಒಂದು ಸಲ, ಹೀಗೆ ಒಂದೂವರೆ ತಾಸು ಹೇಳಿದೆ. ಬೋಡಾ ಬೋಡಾ ಎಂದರೆ ಬಾಡಿಗೆಗೆ ಓಡಿಸುವ ಮೋಟರ್‌ಸೈಕಲ್ಲು, ಅದನ್ನು ಓಡಿಸುವ ಹುಡುಗ ಪ್ರೀತಿಸಿದ ಹುಡುಗಿಯ ಅಪ್ಪನಿಗೆ ಅದು ಹಿಡಿಸುವುದಿಲ್ಲ. ಗೊತ್ತಿಲ್ಲದ ಕಡೆ ಗೊತ್ತಿಲ್ಲ ಎಂದೆ, ಆಗ ಮುದುಕ ತಾನೇ ಊಹಿಸಿ ಹೇಳಿದ. ಹುಡುಗಿಯ ಅಪ್ಪ ಕೆಂಪು ಸೋಫಾದ ಮೇಲೆ ಕೂತಾಗ ಇವರು ಎಲ್ಲರಿಗೂ ಬೆರಳು ತೋರಿಸಿ, ನನ್ನ ಕಡೆ ನೋಡಿದರು. ಸೋಫಾದ ಕಥೆಯನ್ನೂ ಹೇಳಬೇಕಾಯಿತು. ಎಲ್ಲರೂ ನಕ್ಕರು.

ಗಂಟಲು ನೋಯುತ್ತಿದೆ. ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸಬೇಕು.

೫ ಏಪ್ರಿಲ್, ಶನಿವಾರ

ನಿನ್ನೆ ಕೌನ್ಸಿಲ್‌ಗೆ ಫೋನ್ ಮಾಡಿ ಬಚ್ಚಲಿಗೆ ಹಿಡಿಕೆ ಹಾಕಿಸಲು ಯಾರನ್ನು ಕೇಳಬೇಕು ಎಂದು ವಿಚಾರಿಸಿದೆ. ಮೂರು ಜನಕ್ಕೆ ದಾಟಿಸಿದರು, ಕೊನೆಗೆ ಸಿಕ್ಕವಳಿಗೆ ಏನೂ ಗೊತ್ತಿರಲಿಲ್ಲ. ಸೋಮವಾರ ಮತ್ತೆ ಮಾಡಬೇಕು. ಬೇಳೆ ಮುಗಿದಿದೆ.

ಮಧ್ಯಾಹ್ನದ ಸಿನಿಮಾಕ್ಕೆ ಹನ್ನೊಂದು ಜನ. ಪಕ್ಕದ ವಾರ್ಡಿನಿಂದಲೂ ಇಬ್ಬರನ್ನು ತಳ್ಳಿಕೊಂಡು ಬಂದಿದ್ದರು. ಇಬ್ಬರು ಹೆಂಡಿರ ಕಥೆ, ದೊಡ್ಡವಳ ದನಿ ಬೇರೆ, ಸಣ್ಣವಳ ದನಿ ಬೇರೆ ಮಾಡಿ ಹೇಳಿದೆ. ಮುಗಿದು ದೀಪ ಹಾಕಿದಾಗ ಬಾಗಿಲ ಬಳಿ ನಿವೇದಿತಾ ನಿಂತಿದ್ದಳು, ಕೋಟು ಕೂಡ ಬಿಚ್ಚಿರಲಿಲ್ಲ. ಯಾವಾಗ ಬಂದಿ ಎಂದರೆ ಮುಕ್ಕಾಲು ಗಂಟೆಯಾಯಿತು ಎಂದಳು. ಹುಷಾರಿಲ್ಲವೇನೋ, ನನ್ನನ್ನು ವಿಚಿತ್ರವಾಗಿ ನೋಡುತ್ತಿದ್ದಳು.

ಆದರೂ ಕೇರ್ ಹೋಮಿನ ಮಾತು ಬಿಟ್ಟಿಲ್ಲ. ಅವಳ ಭಯವೂ ಸುಳ್ಳಲ್ಲ. ನನಗೆ ಐವತ್ತೆರಡು, ಮಂಡಿ ನೋವಿದೆ, ಇವರ ಭಾರ ಹೆಚ್ಚು. ನೀನೂ ಬಿದ್ದರೆ ನಾನು ಇಬ್ಬರನ್ನು ಹೇಗೆ ನೋಡಲಿ ಎಂದು ಕೇಳಿದಳು. ಜಗಳವಾಡಲು ಮನಸ್ಸು ಬರಲಿಲ್ಲ. ಮೀಟಿಂಗಿನಲ್ಲಿ ಅಪ್ಪ ಹೇಳಿದಂತೆ ಆಗಲಿ ಎಂದು ಇಬ್ಬರೂ ಒಪ್ಪಿಕೊಂಡೆವು.

೨೨ ಏಪ್ರಿಲ್, ಮಂಗಳವಾರ

ಮೀಟಿಂಗ್ ನಾಡಿದ್ದು. ಕನ್ನಡ ಬಲ್ಲ ಇಂಟರ್‌ಪ್ರಿಟರ್ ಸಿಗಲಿಲ್ಲವಂತೆ, ಹಾಗಾಗಿ ನಾನೇ ಹೇಳಬೇಕು. ಥೆರಪಿಸ್ಟ್ ಹುಡುಗಿ ನನ್ನನ್ನು ಕೂರಿಸಿಕೊಂಡು ಖಡಾಖಂಡಿತವಾಗಿ ಹೇಳಿದಳು: ಇವರು ಆಡಿದಷ್ಟೇ, ಒಂದು ಪದ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಇದು ಶನಿವಾರದ ಸಿನಿಮಾ ಅಲ್ಲ ಎಂದಳು. ಗೊತ್ತು ಎಂದೆ.

ಈಗ ಇವರು ಎರಡು ಮೂರು ಪದ ಕೂಡಿಸುತ್ತಾರೆ. ಕೋಲು ಹಿಡಿದು ಬಚ್ಚಲವರೆಗೆ ಹೋಗುತ್ತಾರೆ. ಎಲ್ಲಿ ಇರಬೇಕು ಅಂತೀರಿ ಎಂದು ನಿನ್ನೆ ಕೇಳಿದೆ. "ಮನಿ," ಅಂದರು, ಮೂರು ಸಲ ಕೇಳಿದರೆ ಮೂರು ಸಲವೂ. ನಾಡಿದ್ದು ಅದೊಂದು ಪದ ಬಂದರೆ ಸಾಕು.

೨೪ ಏಪ್ರಿಲ್, ಗುರುವಾರ

ಸಣ್ಣ ಕೋಣೆ. ಕನ್ಸಲ್ಟೆಂಟ್ ಡಾಕ್ಟರು, ಸೋಶಿಯಲ್ ವರ್ಕರ್, ಥೆರಪಿಸ್ಟ್ ಹುಡುಗಿ, ನಿವೇದಿತಾ, ನಾವಿಬ್ಬರು. ಇವರಿಗೆ ನಾನು ನೀಲಿ ಅಂಗಿ ಹಾಕಿದ್ದೆ, ಟೈ ಬೇಕೆಂದು ಇವರೇ ಹಟ ಮಾಡಿದ್ದರು. ಮೊದಲು ನಿವೇದಿತಾ ಮಾತಾಡಿದಳು. ಅಮ್ಮನ ಮಂಡಿ, ಮೆಟ್ಟಿಲು, ಎರಡನೇ ಸ್ಟ್ರೋಕಿನ ಸಾಧ್ಯತೆ, ಎಲ್ಲವನ್ನೂ ಡಾಕ್ಟರಂತೆ ಹೇಳಿದಳು. ತಪ್ಪು ಒಂದೂ ಇರಲಿಲ್ಲ.

ಆಮೇಲೆ ಕನ್ಸಲ್ಟೆಂಟ್ ಇವರ ಕಡೆ ಬಾಗಿ ನಿಧಾನವಾಗಿ, ಇಲ್ಲಿಂದ ಹೊರಟ ಮೇಲೆ ನಿಮಗೆ ಎಲ್ಲಿರಲು ಇಷ್ಟ ಎಂದು ಕೇಳಿದರು. ನಾನು ಕನ್ನಡದಲ್ಲಿ ಅಷ್ಟನ್ನೇ ಕೇಳಿದೆ. ಇವರು ನನ್ನನ್ನು ನೋಡಿದರು, ಮಗಳನ್ನು ನೋಡಿದರು, ಮೇಜು ನೋಡಿದರು. ಸೋಶಿಯಲ್ ವರ್ಕರಿನ ಪೆನ್ನು ಕಾಗದದ ಮೇಲೆ ನಿಂತಿತ್ತು. ಮ ಎಂದು ಶುರು ಮಾಡಿ ಕೊಟ್ಟುಬಿಡೋಣ ಎಂದು ನನ್ನ ತುಟಿ ತಾನೇ ಕೂಡಿಕೊಂಡಿತು. ನಾಲಿಗೆ ಕಚ್ಚಿಕೊಂಡು ಕೂತೆ. ಅಷ್ಟು ಕಷ್ಟದ ಕೆಲಸ ನಾನು ಈ ಮೂರು ತಿಂಗಳಲ್ಲಿ ಮಾಡಿಲ್ಲ.

"ಇಕೀನ್ನ ಕೇಳ್ರಿ," ಅಂದರು.

ಎಲ್ಲರೂ ನನ್ನ ಬಾಯಿ ನೋಡಿದರು. ಮನೆ ಎಂದು ಹೇಳಿಬಿಟ್ಟರೆ ಎಲ್ಲ ಮುಗಿಯುತ್ತಿತ್ತು, ಆ ಕೋಣೆಯಲ್ಲಿ ಕನ್ನಡ ಬಲ್ಲವಳು ಮಗಳೊಬ್ಬಳೇ. ನಿವೇದಿತಾಳೂ ನನ್ನನ್ನೇ ನೋಡುತ್ತಿದ್ದಳು, ನಾನೇನು ಹೇಳುತ್ತೇನೆ ಎಂದು. ಆಕೆಯನ್ನು ಕೇಳಿ ಎಂದರು, ನನ್ನನ್ನು ಕೇಳಿ ಎಂದು ಹೇಳುತ್ತಿದ್ದಾರೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಸೋಶಿಯಲ್ ವರ್ಕರ್ ಪೆನ್ನು ಕೆಳಗಿಟ್ಟಳು. ಇದು ಅವರ ಇಷ್ಟ ತಿಳಿಸಿದಂತಾಗಲಿಲ್ಲ, ಪ್ರಶ್ನೆ ಅರ್ಥವಾಗಿರಲಿಕ್ಕಿಲ್ಲ ಎಂದಳು. ನನಗೆ ಅಳು ಒತ್ತಿ ಬಂತು. ಥೆರಪಿಸ್ಟ್ ಹುಡುಗಿ ಕೈಯೆತ್ತಿ ಎಲ್ಲರನ್ನೂ ಸುಮ್ಮನಿರಿಸಿದಳು. ಇನ್ನೂ ಮುಗಿದಿಲ್ಲ, ಅವರು ಹುಡುಕುತ್ತಿದ್ದಾರೆ, ಕಾಯೋಣ ಎಂದಳು. ಕಾದೆವು. ಇವರ ಹಣೆಯಲ್ಲಿ ಬೆವರು. ಎಡಗೈ ಎತ್ತಿ ತಮ್ಮ ಸತ್ತ ಬಲಗೈಯನ್ನು ತೋರಿಸಿದರು, ಕಾಲನ್ನು ತೋರಿಸಿದರು, ಆಮೇಲೆ ನನ್ನನ್ನು.

"ನನಗ ಮನಿ. ತ್ರಾಸು… ಇಕೀಗೆ. ಅದಕ್ಕ ಇಕೀನ್ನ ಕೇಳ್ರಿ."

ಇವರು ಈಚೆಗೆ ಆಡಿದ್ದರಲ್ಲಿ ಎಲ್ಲಕ್ಕಿಂತ ಉದ್ದದ ಮಾತು. ನಾನು ಹೇಳಹೋದೆ, ದನಿ ಹೊರಡಲಿಲ್ಲ. ನಿವೇದಿತಾ ಹೇಳಿದಳು, ಕಣ್ಣೊರೆಸಿಕೊಳ್ಳುತ್ತಾ, ಒಂದು ಪದ ಹೆಚ್ಚಿಲ್ಲದೆ: ನನಗೆ ಮನೆ ಇಷ್ಟ, ಕಷ್ಟಪಡುವವಳು ಅವಳು, ಆದ್ದರಿಂದ ಅವಳನ್ನು ಕೇಳಿ. ಕನ್ಸಲ್ಟೆಂಟ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಇದಕ್ಕಿಂತ ಸ್ಪಷ್ಟವಾದ ಉತ್ತರ ಈ ಕೋಣೆಯಲ್ಲಿ ಕೇಳಿಲ್ಲ ಎಂದರು. ನನ್ನ ಕಡೆ ತಿರುಗಿ, ನಿಮಗೇನು ಬೇಕು ಹೇಳಿ ಎಂದರು.

ನನಗೆ ಏನು ಬೇಕು ಎಂದು ಈ ದೇಶದಲ್ಲಿ ಯಾರೂ ಕೇಳಿರಲಿಲ್ಲ. ಬೈಲಹೊಂಗಲದಲ್ಲಿ ಮದುವೆಯ ದಿನವೂ ಕೇಳಿರಲಿಲ್ಲ. ಇವರು ತಲೆ ಓರೆ ಮಾಡಿ ನನ್ನ ಉತ್ತರಕ್ಕೆ ಕಾಯುತ್ತಿದ್ದರು, ಅವರಿಗೂ ಏನು ಬರುತ್ತದೋ ಗೊತ್ತಿರಲಿಲ್ಲ. ನನಗೆ ಇವರು ಮನೆಯಲ್ಲಿ ಬೇಕು ಎಂದೆ. ಹಾಸಿಗೆ ಕೆಳಗಿನ ಕೋಣೆಯಲ್ಲಿ ಬೇಕು, ಎತ್ತಿ ಕೂರಿಸಲು ಬೆಳಿಗ್ಗೆ ಒಬ್ಬರು, ಸಂಜೆ ಒಬ್ಬರು ಬರಬೇಕು, ಬಚ್ಚಲಿನ ಹಿಡಿಕೆಗೆ ಐದು ಸಲ ಫೋನ್ ಮಾಡಿದ್ದೇನೆ, ಅದು ಇವರು ಬರುವ ಮೊದಲು ಆಗಬೇಕು. ಥೆರಪಿ ನಿಲ್ಲಬಾರದು. ಶನಿವಾರ ಎರಡರಿಂದ ನಾಲ್ಕು ನಾನು ಡೇ ರೂಮಿಗೆ ಬರಬೇಕು, ಅಲ್ಲಿ ಜನ ಕಾಯುತ್ತಾರೆ, ಇವರನ್ನೂ ಕರೆತರಲು ವಾಹನ ಬೇಕು. ಮಗಳು ಕೆಲಸ ಬಿಡಕೂಡದು, ನನ್ನ ಮಂಡಿಯನ್ನು ಜಿಪಿಗೆ ತೋರಿಸುತ್ತೇನೆ, ಆರು ತಿಂಗಳಲ್ಲಿ ನನ್ನಿಂದ ಆಗದಿದ್ದರೆ ನಾನೇ ಬಂದು ಆಗುವುದಿಲ್ಲ ಎನ್ನುತ್ತೇನೆ.

ಸೋಶಿಯಲ್ ವರ್ಕರ್ ಪೆನ್ನು ಎತ್ತಿಕೊಂಡು ಬರೆಯುತ್ತಿದ್ದಳು. ಎರಡನೇ ಹಾಳೆಗೆ ಬಂದಾಗ ತಲೆಯೆತ್ತಿ, ದಯವಿಟ್ಟು ಸ್ವಲ್ಪ ನಿಧಾನವಾಗಿ ಹೇಳಿ, ನನ್ನ ಕೈ ಓಡುತ್ತಿಲ್ಲ ಎಂದಳು. ಸರಿ ಎಂದು ನಿಧಾನ ಮಾಡಿದೆ.